ಪರದೆಯ ಮುಂದೆ ಪ್ರೇಕ್ಷಕರೋ, ಭಕ್ತರೋ?



ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಸನ್ನಿಧಿಯಲ್ಲಿ ನಿಂತವರಿಗೆ ಪಾಲ್ಗೊಳ್ಳುವಿಕೆ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಮೇಣದಬತ್ತಿ ಹಿಡಿದ ಕೈ, ಹಾಡುವ ಕೊರಳು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆ, ಹರಕೆ ಹೊತ್ತು ಬಂದ ಅನ್ಯಧರ್ಮೀಯ ತಾಯಿ ಇವರೆಲ್ಲರೂ ಅಲ್ಲಿ ಹಬ್ಬವನ್ನು ನೋಡುವವರಲ್ಲ, ನಡೆಸುವವರು. 2019ರಲ್ಲಿ ಕಿರಿಯ ಬೆಸಿಲಿಕಾ ಪದವಿ ಪಡೆದ ಈ ಪುಣ್ಯಕ್ಷೇತ್ರದಲ್ಲಿ, ಮರುವರ್ಷವೇ ಕೊರೋನಾ ನಿರ್ಬಂಧಗಳಿಂದಾಗಿ ಆ ಜನಸಾಗರ ಸೇರುವಂತಿರಲಿಲ್ಲ. ನಾಡಿನೆಲ್ಲೆಡೆ ಪೂಜಾವಿಧಿಗಳು ಮೊಬೈಲ್ ಪರದೆಗೆ ಬಂದವು.

ಆ ದಿನಗಳಲ್ಲಿ ನಾನೂ ನೇರಪ್ರಸಾರದಲ್ಲಿ ಬಲಿಪೂಜೆ ಅರ್ಪಿಸಿದೆ. ವೀಕ್ಷಕರ ಸಂಖ್ಯೆ ಕಂಡು ಹಿಗ್ಗಿದೆ. ದಾವಣಗೆರೆಯ ವೃದ್ಧೆಯೊಬ್ಬರು ಫೋನಿನಲ್ಲಿ ಹೇಳಿದ ಮಾತು ನನ್ನ ಹಿಗ್ಗನ್ನು ಇಳಿಸಿತು: "ಪೂಜೆ ಚೆನ್ನಾಗಿತ್ರಿ ಫಾದರ್. ಆದ್ರೆ ನಾವು ಬಾಯಿ ತೆಗೆಯೋದ್ರೊಳಗೆ ನೀವು ಮುಂದೆ ಹೋಗಿಬಿಡ್ತಿದ್ರಿ."

ಅವರ ಮಾತು ಸತ್ಯವಾಗಿತ್ತು. ಭಕ್ತಜನರು ಉತ್ತರಿಸಬೇಕಾದ ಕಡೆಯಲ್ಲೆಲ್ಲ ಗಾಯನವೃಂದವೇ ಅವಸರದಿಂದ ಉತ್ತರಿಸಿತ್ತು. ಕ್ಯಾಮೆರಾ ಹೂವಿನ ಅಲಂಕಾರದಿಂದ ಛಾವಣಿಗೆ, ಛಾವಣಿಯಿಂದ ಕೀಬೋರ್ಡ್ ವಾದಕನಿಗೆ ಅಲೆದಿತ್ತು. ನನ್ನ ಪ್ರಬೋಧನೆಯೋ ದೀರ್ಘವಾಗಿತ್ತು. ಇನ್ನು ಆ ಸಂಖ್ಯೆಯ ಮಾತು: ಅಂದು ಫೇಸ್‌ಬುಕ್‌ನಲ್ಲಿ ಮೂರು ಸೆಕೆಂಡು ನೋಡಿದರೂ ಅದು ಒಂದು ವೀಕ್ಷಣೆಯೇ. ಶಿಲುಬೆಯ ಗುರುತು ಹಾಕಿಕೊಳ್ಳುವುದಕ್ಕೂ ಸಾಲದ ಸಮಯವನ್ನು ನಾವು ಭಕ್ತಿಯೆಂದು ಎಣಿಸಿಕೊಂಡೆವು.

ಇದಕ್ಕೆ ಎದುರಾಗಿ 2020ರ ಮಾರ್ಚ್ 27ರ ಸಂಜೆಯನ್ನು ನೆನೆಯಿರಿ. ಮಳೆಯಲ್ಲಿ ನೆನೆದ, ಜನಶೂನ್ಯವಾದ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸ್ ಒಬ್ಬರೇ ನಡೆದುಬಂದರು. ನಮಗಾಗ ರಾತ್ರಿ ಹತ್ತೂವರೆ. ಬಿರುಗಾಳಿಗೆ ಸಿಕ್ಕ ದೋಣಿಯ ಶುಭಸಂದೇಶ, ಒಂದು ಶಿಲುಬೆ, ಮಾತೆಯ ಒಂದು ಚಿತ್ರಪಟ, ಪರಮ ಪ್ರಸಾದದ ಮುಂದೆ ದೀರ್ಘ ಮೌನ. ಆಶೀರ್ವಾದದ ಹೊತ್ತಿಗೆ ಗಂಟೆಗಳ ನಾದದೊಡನೆ ಆಂಬುಲೆನ್ಸಿನ ಕೂಗೂ ಬೆರೆಯಿತು. ಅಲ್ಲಿ ಯಾರೂ ನಮ್ಮನ್ನು ರಂಜಿಸಲು ಯತ್ನಿಸಲಿಲ್ಲ. ನಮ್ಮ ಭಯವನ್ನು ಹೆಸರಿಟ್ಟು ಕರೆದು, ಪ್ರಾರ್ಥಿಸಲು ನಮಗೆ ಸ್ಥಳ ಬಿಟ್ಟುಕೊಟ್ಟರು. ಆ ಮೌನವೇ ನಮ್ಮ ಪಾಲಾಯಿತು.

ಹಾಗೆಂದು ಆ ಸಂಜೆಯನ್ನು ಪ್ರತಿ ಭಾನುವಾರ ಅನುಕರಿಸಲಾಗದು. ಬರಿದಾದ ಚೌಕದ ಶಕ್ತಿ ಅದರ ಅಪೂರ್ವತೆಯಲ್ಲಿತ್ತು. ಮೂರು ವಾರಗಳ ಬಳಿಕ, ಏಪ್ರಿಲ್ 17ರಂದು, ಸಮುದಾಯವೂ ಸಂಸ್ಕಾರಗಳೂ ಇಲ್ಲದ ವಿಶ್ವಾಸದ ಅಪಾಯವನ್ನು ಅದೇ ಜಗದ್ಗುರುಗಳು ಎಚ್ಚರಿಸಿದರು. ಭಕ್ತರು ಮೂಕಪ್ರೇಕ್ಷಕರಾಗಿರಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಬೋಧಿಸಿತ್ತು. ಪರದೆಯ ಪೂಜೆಯನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು.

ಇಂದು ದೇವಾಲಯಗಳು ತೆರೆದಿವೆ, ಬರಬಲ್ಲವರು ಬರಲೇಬೇಕು. ಆದರೆ ಹಾಸಿಗೆ ಹಿಡಿದವರಿಗೆ, ದೂರದ ನಾಡಿನಲ್ಲಿ ದುಡಿಯುವ ಮಕ್ಕಳಿಗೆ ನೇರಪ್ರಸಾರವೇ ಆಸರೆ. ಅವರಿಗಾಗಿ ನಾವು ಮಾಡಬಹುದಾದದ್ದು ಸರಳ. ವಾಚನಗಳನ್ನೂ ಹಾಡುಗಳನ್ನೂ ಹಿಂದಿನ ದಿನವೇ ಕಳುಹಿಸೋಣ. ಚಿತ್ರಕ್ಕಿಂತ ಧ್ವನಿಯ ಸ್ಪಷ್ಟತೆಗೆ ಗಮನ ಕೊಡೋಣ. ಪ್ರಸಾರ ಕೆಲವು ಸೆಕೆಂಡು ತಡವಾಗಿ ತಲುಪಿದರೂ ಅಡ್ಡಿಯಿಲ್ಲ, ಪ್ರತಿ ಉತ್ತರಕ್ಕೂ ಒಂದು ಉಸಿರಿನಷ್ಟು ಬಿಡುವು ಕೊಟ್ಟರೆ ಮನೆಯ ಕೊರಳಿಗೂ ಎಡೆ ಸಿಗುತ್ತದೆ. ಕ್ಯಾಮೆರಾ ಪೀಠದ ಮೇಲೆ ನಿಲ್ಲಲಿ. ಮನೆಯಿಂದ ಬಂದ ಕೋರಿಕೆಗಳನ್ನು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಓದೋಣ. ಪೂಜೆ ಮುಗಿದ ಮೇಲೆ ಯಾರಾದರೂ ಒಬ್ಬರು ಆ ಮನೆಗೆ ಹೋಗಿ ಬರಲಿ. ಸಾಧ್ಯವಾದಾಗ ಪರಮ ಪ್ರಸಾದವೂ ಅಲ್ಲಿಗೆ ತಲುಪಲಿ.

ಮನೆಯವರೂ ತಮ್ಮ ಪಾಲನ್ನು ಮಾಡಬೇಕು. ಪೂಜೆಯ ಹೊತ್ತಿಗೆ ಒಲೆ ಆರಿಸಿ, ದೀಪ ಹಚ್ಚಿ, ಎಲ್ಲರೂ ಕೂಡಿ ಕುಳಿತು ಗಟ್ಟಿಯಾಗಿ ಉತ್ತರಿಸಿ.

ಆ ವೃದ್ಧೆ ಈಗ ನಮ್ಮೊಡನಿಲ್ಲ. ಇಂದಿಗೂ ಕ್ಯಾಮೆರಾದ ಮುಂದೆ ನಿಂತಾಗ, ಅವರು ಬಾಯಿ ತೆರೆಯುವವರೆಗೆ ನಾನು ಕಾಯುತ್ತೇನೆ.