ಫೈಲ್ ಪಟ್ಟಿಗೆ ಎಷ್ಟು ಬಣ್ಣ ಬೇಕು?

ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಲಿನಕ್ಸ್ ಕಲಿಯಲು ಕೂತವರು ಮೊದಮೊದಲು ಟೈಪ್ ಮಾಡುವ ಕಮಾಂಡುಗಳಲ್ಲಿ ‘ಎಲ್‌ಎಸ್’ ಒಂದು. ಎರಡಕ್ಷರ ಒತ್ತಿ ಎಂಟರ್ ಹೊಡೆದರೆ ಆ ಡೈರೆಕ್ಟರಿಯಲ್ಲಿ ಏನೇನಿದೆ ಎಂಬ ಪಟ್ಟಿ ಪರದೆಗೆ ಬರುತ್ತದೆ. ಡೈರೆಕ್ಟರಿಗಳು ನೀಲಿ, ಪ್ರೋಗ್ರಾಮುಗಳು ಹಸಿರು, ಜಿಪ್ ಫೈಲುಗಳು ಕೆಂಪು, ಚಿತ್ರಗಳು ನೇರಳೆ. ದಿನವಿಡೀ ಈ ಪಟ್ಟಿ ನೋಡುತ್ತ ಕೆಲಸ ಮಾಡುವವರು ಹೆಬ್ಬಾಳದ ಇನ್ಫೋಸಿಸ್ ತರಬೇತಿ ಕೇಂದ್ರದಿಂದ ಮಾನಸಗಂಗೋತ್ರಿಯ ಸಂಶೋಧನಾ ಕೊಠಡಿಗಳವರೆಗೆ ಊರ ತುಂಬ ಇದ್ದಾರೆ. ಪುಸ್ತಕದ ಮುಖಪುಟವನ್ನೂ ಸಿನಿಮಾದ ಛಾಯಾಗ್ರಹಣವನ್ನೂ ವಿಮರ್ಶೆ ಮಾಡುವ ನಾವು, ದಿನಕ್ಕೆ ಹತ್ತಾರು ಸಲ ಕಣ್ಣಿಗೆ ಬೀಳುವ ಈ ಬಣ್ಣಗಳನ್ನೂ ಅಷ್ಟೇ ಗಂಭೀರವಾಗಿ ತೂಗಿ ನೋಡಬೇಕು.

ಇದರ ಹಿಂದಿನ ಏರ್ಪಾಡು ಸರಳ. ಗ್ನು ಯೋಜನೆಯ ‘ಎಲ್‌ಎಸ್’ ಜೊತೆಗೆ ‘ಡಿರ್‌ಕಲರ್ಸ್’ ಎಂಬ ಇನ್ನೊಂದು ಪ್ರೋಗ್ರಾಮ್ ಬರುತ್ತದೆ. ಬರೆದವರು ಎಚ್. ಪೀಟರ್ ಆನ್ವಿನ್. ಯಾವ ಬಗೆಯ ಫೈಲಿಗೆ ಯಾವ ಬಣ್ಣ ಎಂಬುದನ್ನು ಅದು ‘ಎಲ್‌ಎಸ್_ಕಲರ್ಸ್’ ಎಂಬ ವೇರಿಯಬಲ್ಲಿಗೆ ತುಂಬಲು ಸಿದ್ಧಮಾಡಿ ಕೊಡುತ್ತದೆ. ಡೈರೆಕ್ಟರಿಗೆ 01;34, ಲಿಂಕಿಗೆ 01;36, ಪ್ರೋಗ್ರಾಮಿಗೆ 01;32. ಇಲ್ಲಿ 01 ಅಂದರೆ ದಪ್ಪ ಅಕ್ಷರ, 30ರಿಂದ 37 ಅಕ್ಷರದ ಬಣ್ಣ, 40ರಿಂದ 47 ಹಿನ್ನೆಲೆಯ ಬಣ್ಣ. ಆದರೆ 34 ಹೇಳುವುದು ‘ನೀಲಿ’ ಎಂದಷ್ಟೇ. ಎಂಥ ನೀಲಿ ಎಂದು ತೀರ್ಮಾನಿಸುವುದು ಟರ್ಮಿನಲ್. ಅರ್ಥ ಕೊಡುವ ಕೆಲಸ ಒಂದು ಕಡೆ, ಕಾಂತಿ ಕೊಡುವ ಕೆಲಸ ಇನ್ನೊಂದು ಕಡೆ. ಈ ಹಂಚಿಕೆಯೇ ಈ ವ್ಯವಸ್ಥೆಯ ದೊಡ್ಡ ಗುಣ. ಬಿಳಿ ಪರದೆಯವರೂ ಕಪ್ಪು ಪರದೆಯವರೂ ಒಂದೇ ಪಟ್ಟಿಯನ್ನು ಬಳಸಿ ತಮ್ಮ ಕಣ್ಣಿಗೆ ಒಗ್ಗುವ ನೀಲಿಯನ್ನು ಆರಿಸಿಕೊಳ್ಳಬಹುದು.

ಇನ್ನೊಂದು ಗುಣವೂ ಇದೆ. ಗುರಿಯನ್ನೇ ಕಳೆದುಕೊಂಡ ಲಿಂಕು ಕಪ್ಪು ಹಿನ್ನೆಲೆಯಲ್ಲಿ ದಪ್ಪ ಕೆಂಪಾಗಿ ಕಾಣುತ್ತದೆ. ಯಾರು ಚಲಾಯಿಸಿದರೂ ಫೈಲಿನ ಒಡೆಯನ ಅಧಿಕಾರದಲ್ಲಿ ಓಡುವ ‘ಸೆಟ್‌ಯುಐಡಿ’ ಪ್ರೋಗ್ರಾಮು ಕೆಂಪು ಹಿನ್ನೆಲೆಯ ಮೇಲೆ ಬಿಳಿಯಾಗಿ ಕಾಣುತ್ತದೆ. ಹೆಸರನ್ನಷ್ಟೇ ಓದುತ್ತ ಹೋದರೆ ಇವೆರಡೂ ಕಣ್ತಪ್ಪಿ ಹೋಗುವಂಥವು. ಸರ್ವರ್ ನೋಡಿಕೊಳ್ಳುವವರಿಗೆ ಈ ಎರಡು ಸೂಚನೆಗಳು ಮಾಡಿರುವ ಉಪಕಾರ ದೊಡ್ಡದು. ಬಣ್ಣ ಇರಬೇಕಾದ್ದು ಇಂಥ ಕೆಲಸಕ್ಕೇ.

ಈಗ ದೋಷಗಳು. ಮೊದಲನೆಯದು ಎಲ್ಲರೂ ದೂರುವ ನೀಲಿ. ಕಪ್ಪು ಪರದೆಯ ಮೇಲೆ ಕಡುನೀಲಿ ಅಕ್ಷರ ಓದಲು ಕಷ್ಟ. ಅಪ್ಪಟ ನೀಲಿಯನ್ನು ಅಪ್ಪಟ ಕಪ್ಪಿನ ಮೇಲಿಟ್ಟರೆ ಅವುಗಳ ಹೊಳಪಿನ ಅನುಪಾತ ಸುಮಾರು 2.4:1 ಮಾತ್ರ, ವೆಬ್ ಪುಟಗಳ ಸುಗಮ್ಯತೆಗೆ ಇರುವ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಇರಬೇಕೆನ್ನುತ್ತದೆ. ಉಬುಂಟುವಿನ ಟರ್ಮಿನಲ್ಲಿನಲ್ಲಿ ನೀಲಿಯನ್ನು ತಿಳಿಗೊಳಿಸಿದ್ದಾರೆ, ಹಾಗಾಗಿ ಅಲ್ಲಿ ತೊಂದರೆ ಕಡಿಮೆ. ಆದರೆ ಲಿನಕ್ಸ್ ಸರ್ವರಿಗೆ ವಿಂಡೋಸಿನಿಂದ ‘ಪುಟಿ’ ಎಂಬ ಟರ್ಮಿನಲ್ ಮೂಲಕ ಹೋದರೆ ಡೈರೆಕ್ಟರಿಗಳ ಹೆಸರುಗಳು ಕತ್ತಲಲ್ಲಿ ಮುಳುಗುತ್ತವೆ. ಇಲ್ಲಿ ಬಹುತೇಕರು ಎಲ್‌ಎಸ್_ಕಲರ್ಸ್ ತಿದ್ದಲು ಹೊರಡುತ್ತಾರೆ. ತಿದ್ದಬೇಕಾದ್ದು ಟರ್ಮಿನಲ್ಲಿನ ಬಣ್ಣದ ಪಟ್ಟಿಯನ್ನು. ಅಲ್ಲಿ ನೀಲಿಯನ್ನು ಒಮ್ಮೆ ತಿಳಿಗೊಳಿಸಿದರೆ ‘ಎಲ್‌ಎಸ್’ ಮಾತ್ರವಲ್ಲ, ‘ಗಿಟ್’, ‘ವಿಮ್’ ಮೊದಲಾದ ಪ್ರೋಗ್ರಾಮುಗಳ ನೀಲಿಯೂ ಸರಿಯಾಗುತ್ತದೆ.

ಎರಡನೆಯ ದೋಷ ಇನ್ನೂ ಗಂಭೀರ. ಯಾರು ಬೇಕಾದರೂ ಬರೆಯಬಹುದಾದ ಡೈರೆಕ್ಟರಿಗೆ ಕೊಟ್ಟಿರುವ ಬಣ್ಣ 34;42, ಅಂದರೆ ಹಸಿರು ಹಿನ್ನೆಲೆಯ ಮೇಲೆ ನೀಲಿ ಅಕ್ಷರ. ಉದ್ದೇಶ ಒಳ್ಳೆಯದು. ಹತ್ತಾರು ಜನ ಬಳಸುವ ಸರ್ವರಿನಲ್ಲಿ ಅಂಥ ಡೈರೆಕ್ಟರಿ ಅಪಾಯವೇ ಸರಿ. ಆದರೆ ಎಚ್ಚರಿಸಬೇಕಾದ ಹೆಸರನ್ನೇ ಓದಲಾಗದಂತೆ ಬರೆದರೆ ಎಚ್ಚರಿಕೆ ಮುಟ್ಟುವುದು ಹೇಗೆ? ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ‘ಡಬ್ಲ್ಯೂಎಸ್ಎಲ್’ ಹಾಕಿಕೊಂಡು ಲಿನಕ್ಸ್ ಕಲಿಯುವ ವಿದ್ಯಾರ್ಥಿಗಳಿಗೆ ಇದು ದಿನನಿತ್ಯದ ಪಾಡು. ವಿಂಡೋಸಿನ ಸಿ ಡ್ರೈವಿಗೆ ಹೋಗಿ ಪಟ್ಟಿ ಕೇಳಿದರೆ ಡೈರೆಕ್ಟರಿಗಳೆಲ್ಲ ಹಸಿರು ಪಟ್ಟೆಗಳಾಗಿ ಎದ್ದು ನಿಲ್ಲುತ್ತವೆ, ಒಳಗಿನ ನೀಲಿ ಅಕ್ಷರಕ್ಕೆ ಕಣ್ಣು ಕಿರಿದಾಗಿಸಬೇಕು. ಕಾರಣ ಇಷ್ಟೇ: ವಿಂಡೋಸಿನ ಫೈಲುಗಳು ಅಲ್ಲಿ ಸಾಮಾನ್ಯವಾಗಿ 777 ಅನುಮತಿಯೊಂದಿಗೆ ಕಾಣಿಸುತ್ತವೆ, ಅಂದರೆ ಎಲ್ಲರಿಗೂ ಎಲ್ಲ ಹಕ್ಕು. ಬಣ್ಣ ಬದಲಿಸಿದರೆ ಕಣ್ಣಿಗೆ ಹಿತ, ಆದರೆ ಮೂಲ ಹಾಗೇ ಉಳಿಯುತ್ತದೆ. ಡಬ್ಲ್ಯೂಎಸ್ಎಲ್‌ನ ಸೆಟ್ಟಿಂಗ್ ಫೈಲಿನಲ್ಲಿ ಡ್ರೈವಿಗೆ ‘ಮೆಟಾಡೇಟಾ’ ಆಯ್ಕೆಯನ್ನೂ ಸರಿಯಾದ ‘ಯುಮಾಸ್ಕ್’ ಅನ್ನೂ ಕೊಟ್ಟರೆ ಅನುಮತಿ ಸರಿಯಾಗುತ್ತದೆ, ಬಣ್ಣ ತಾನಾಗಿ ಸರಿಹೋಗುತ್ತದೆ. ಅಷ್ಟಾದ ಮೇಲೂ ಹಸಿರು ಉಳಿದ ಡೈರೆಕ್ಟರಿ ನಿಜಕ್ಕೂ ನೋಡಬೇಕಾದದ್ದು. ಅದಕ್ಕೆ 30;46 ಕೊಡಿ; ತಿಳಿನೀಲಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಚೆನ್ನಾಗಿ ಓದಲು ಬರುತ್ತದೆ.

ಮೂರನೆಯದು ಆದ್ಯತೆಯ ದೋಷ. ಜಿಪ್, ಟಾರ್ ಫೈಲುಗಳಿಗೆ ದಪ್ಪ ಕೆಂಪು ಯಾಕೆ? ಉತ್ತರಪತ್ರಿಕೆ ತಿದ್ದುವ ಮೇಷ್ಟ್ರು ಸರಿ ಉತ್ತರಕ್ಕೂ ತಪ್ಪಿಗೂ ಒಂದೇ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರೆ ವಿದ್ಯಾರ್ಥಿಗೆ ಏನೂ ತಿಳಿಯದು. ಮುರಿದ ಲಿಂಕಿಗೂ ಮಾಮೂಲಿ ಜಿಪ್ ಫೈಲಿಗೂ ಒಂದೇ ಕೆಂಪು ಕೊಟ್ಟಿದ್ದರಿಂದ ಆಗಿರುವುದೂ ಅದೇ. ಇತ್ತ ನಾವು ಹೆಚ್ಚು ತೆರೆಯುವ ಪಿಡಿಎಫ್, ಟೆಕ್ಸ್ಟ್ ಫೈಲುಗಳಿಗೆ ಬಣ್ಣವೇ ಇಲ್ಲ. ಇನ್ನು ವಾವ್, ಎಂಪಿ3 ಧ್ವನಿ ಫೈಲುಗಳಿಗೆ 00;36, ಲಿಂಕುಗಳಿಗೆ 01;36. ಎರಡೂ ಒಂದೇ ತಿಳಿನೀಲಿ, ಒಂದು ಸಾದಾ, ಒಂದು ದಪ್ಪ.

ಈ ಕೊನೆಯ ದೋಷ ಮೈಸೂರಿಗೆ ಹತ್ತಿರದ್ದು. ಮಾನಸಗಂಗೋತ್ರಿಯಲ್ಲಿ, 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವಿದೆ. ಭಾರತೀಯ ಭಾಷೆಗಳ ಪಠ್ಯ ಮತ್ತು ಧ್ವನಿ ಸಾಮಗ್ರಿಯನ್ನು ಕಂಪ್ಯೂಟರಿಗೆ ಒದಗಿಸುವ ಎಲ್‌ಡಿಸಿ-ಐಎಲ್ ಯೋಜನೆ ಅಲ್ಲಿಯದು. ಧ್ವನಿಸಂಗ್ರಹದ ಡೈರೆಕ್ಟರಿ ಅಂದರೆ ಸಾವಿರಾರು ವಾವ್ ಫೈಲುಗಳು, ಅವುಗಳ ಲಿಪ್ಯಂತರದ ಟೆಕ್ಸ್ಟ್ ಫೈಲುಗಳು. ಅಂಥ ಪಟ್ಟಿಯಲ್ಲಿ ನಿಜವಾದ ಧ್ವನಿ ಫೈಲು ಯಾವುದು, ಬೇರೆಡೆ ಇರುವ ಫೈಲಿಗೆ ತೋರುಬೆರಳಾಗಿರುವ ಲಿಂಕು ಯಾವುದು ಎಂದು ಒಂದೇ ನೋಟಕ್ಕೆ ತಿಳಿಯಬೇಕು. ಭಾಷೆಯ ಕೆಲಸ ಮಾಡುವವರು ಧ್ವನಿಗೆ 00;33 ಕೊಟ್ಟು ಹಳದಿ ಮಾಡಿಕೊಳ್ಳುವುದು ಒಳ್ಳೆಯದು.

ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರ ಕಷ್ಟ ಬೇರೆಯೇ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದು ಮನೆ ಎಂದು ಲೆಕ್ಕ ಹಾಕುತ್ತದೆ; ಒತ್ತಕ್ಷರ, ಗುಣಿತ ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಹಾಗಾಗಿ ಹಲವು ಟರ್ಮಿನಲ್ಲುಗಳಲ್ಲಿ ಕಾಲಮ್ಮುಗಳು ಓರೆಯಾಗಿ ಹೆಸರುಗಳು ಒಂದಕ್ಕೊಂದು ತಾಗುತ್ತವೆ. ಆಗ ಒಂದು ಹೆಸರು ಮುಗಿದು ಇನ್ನೊಂದು ಶುರುವಾಗುವ ಜಾಗವನ್ನು ಬಣ್ಣವೇ ತೋರಿಸಬೇಕು. ಸರ್ವರಿನ ಲೊಕೇಲ್ ‘ಸಿ’ ಎಂದಿದ್ದರಂತೂ ಈಚಿನ ಆವೃತ್ತಿಗಳಲ್ಲಿ ‘ಕ’ ಅಕ್ಷರ \340\262\225 ಎಂಬ ಅಂಕಿಗಳ ಸಾಲಾಗಿ ಬರುತ್ತದೆ. ಅದನ್ನು ಯುಟಿಎಫ್-8 ಮಾಡದೆ ಯಾವ ಬಣ್ಣ ಬಳಿದರೂ ಪ್ರಯೋಜನವಿಲ್ಲ. ಆದರೆ ಈ ವ್ಯವಸ್ಥೆ ಕನ್ನಡಕ್ಕೆ ಒಂದು ಬಾಗಿಲನ್ನು ತೆರೆದೇ ಇಟ್ಟಿದೆ. ಅದು ನೋಡುವುದು ಹೆಸರಿನ ಬಾಲವನ್ನು, ಆ ಬಾಲ ಇಂಗ್ಲಿಷಿನದೇ ಆಗಿರಬೇಕೆಂಬ ನಿಯಮವಿಲ್ಲ. ‘*ಕರಡು’ ಎಂದು ಬರೆದು ಅದಕ್ಕೆ 33 ಕೊಟ್ಟರೆ ಕರಡು ಎಂದು ಮುಗಿಯುವ ಹೆಸರಿನ ಫೈಲುಗಳೆಲ್ಲ ಹಳದಿಯಾಗುತ್ತವೆ. ಲೇಖನ, ಪ್ರಬಂಧ, ಪಠ್ಯಸಂಪಾದನೆಯಲ್ಲಿ ತೊಡಗಿದವರಿಗೆ ಇದು ನಿಜವಾದ ಸಹಾಯ.

ಸಿದ್ಧ ಥೀಮುಗಳ ಬಗ್ಗೆಯೂ ಒಂದು ಮಾತು. ನೂರಾರು ಬಗೆಯ ಫೈಲುಗಳಿಗೆ 256 ಬಣ್ಣಗಳಿಂದ ಆರಿಸಿ ಹಂಚಿದ ಪಟ್ಟಿಗಳು ಧಾರಾಳವಾಗಿ ಸಿಗುತ್ತವೆ. ನೋಡಲು ಚೆಂದ, ಕೆಲಸಕ್ಕೆ ಭಾರ. ಹತ್ತು ಬಣ್ಣದಾಚೆಗೆ ಯಾವ ಬಣ್ಣಕ್ಕೆ ಯಾವ ಅರ್ಥ ಎಂದು ನೆನಪಿಡುವವರು ವಿರಳ. ಮೇಲಾಗಿ ಇವು ಬಣ್ಣದ ಕಾಂತಿಯನ್ನೂ ತಾವೇ ನಿಗದಿ ಮಾಡಿಬಿಡುವುದರಿಂದ ಕಪ್ಪು ಪರದೆಗೆ ಮಾಡಿದ್ದು ಬಿಳಿ ಪರದೆಯಲ್ಲಿ ಮಾಸಿಹೋಗುತ್ತದೆ. ಈಥನ್ ಸ್ಕೂನೋವರ್ 2011ರಲ್ಲಿ ಹೊರತಂದ ‘ಸೋಲರೈಸ್ಡ್’ ಎರಡೂ ಪರದೆಗೆ ಒಗ್ಗುವಂತೆ ಯೋಚಿಸಿ ಮಾಡಿದ 16 ಬಣ್ಣಗಳ ಪಟ್ಟಿ, ನಿಜ. ಅದರಲ್ಲೂ ದಪ್ಪ ಅಕ್ಷರವನ್ನು ಹೊಳಪಿನ ಬಣ್ಣದಲ್ಲಿ ತೋರಿಸುವ ಟರ್ಮಿನಲ್ಲುಗಳಲ್ಲಿ ಡೈರೆಕ್ಟರಿಯ ನೀಲಿ ಬೂದಿಯಾಗಿಬಿಡುತ್ತದೆ.

ಬಣ್ಣವನ್ನೇ ನಂಬಿ ಕೂರಲೂ ಆಗದು. ಕೆಂಪು–ಹಸಿರಿನ ಭೇದ ಕಾಣದ ಕಣ್ಣು ಗಂಡಸರಲ್ಲಿ ಅಪರೂಪವೇನಲ್ಲ. ಅವರಿಗೆ ಜಿಪ್ ಫೈಲೂ ಪ್ರೋಗ್ರಾಮೂ ಒಂದೇ ಥರ ಕಾಣಬಹುದು. ‘ಎಲ್‌ಎಸ್ -ಎಫ್’ ಎಂದರೆ (ಎಫ್ ದೊಡ್ಡಕ್ಷರ) ಡೈರೆಕ್ಟರಿಯ ಹೆಸರಿನ ಕೊನೆಗೆ /, ಪ್ರೋಗ್ರಾಮಿನ ಕೊನೆಗೆ *, ಲಿಂಕಿನ ಕೊನೆಗೆ @ ಬರುತ್ತದೆ. ಬಣ್ಣದ ಜೊತೆ ಈ ಗುರುತೂ ಇರಲಿ. ಬಣ್ಣದ ಆಯ್ಕೆಯನ್ನು ‘ಆಲ್ವೇಸ್’ ಎಂದಿಡದೆ ‘ಆಟೋ’ ಎಂದೇ ಇಡಿ, ಇಲ್ಲವಾದರೆ ಪಟ್ಟಿಯನ್ನು ಫೈಲಿಗೆ ಕಳಿಸಿದಾಗ ಬಣ್ಣದ ಕೋಡುಗಳೂ ಹೆಸರಿನೊಳಗೆ ಸೇರಿಕೊಳ್ಳುತ್ತವೆ. ನೆಟ್‌ವರ್ಕಿನ ಆಚೆಗಿರುವ ಭಾರೀ ಡೈರೆಕ್ಟರಿಯಲ್ಲಿ ಬಣ್ಣ ಹಚ್ಚಲು ಒಂದೊಂದು ಫೈಲಿನ ವಿವರವನ್ನೂ ಕೇಳಬೇಕಾಗಿ ಪಟ್ಟಿ ತಡವಾಗುತ್ತದೆ. ಅಲ್ಲಿ ಕಮಾಂಡಿಗೆ ಮೊದಲು \ ಹಾಕಿದರೆ ಬಣ್ಣವಿಲ್ಲದ ಸಾದಾ ‘ಎಲ್‌ಎಸ್’ ಓಡುತ್ತದೆ.

ನನ್ನ ತೀರ್ಪು ಇದು: ಈ ವ್ಯವಸ್ಥೆಯ ಕಟ್ಟಡ ಗಟ್ಟಿಯಾಗಿದೆ, ಸುಣ್ಣಬಣ್ಣ ಕೆಲವು ಕಡೆ ತಪ್ಪಿದೆ. ಹಾಗಾಗಿ ಪೂರ್ತಿ ಥೀಮ್ ಹಾಕಿಕೊಳ್ಳುವ ಅಗತ್ಯವಿಲ್ಲ. ‘ಡಿರ್‌ಕಲರ್ಸ್ -ಪಿ’ ಎಂದು ಕೊಟ್ಟರೆ ಮೂಲ ಪಟ್ಟಿ ಸಿಗುತ್ತದೆ. ಅದನ್ನು ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ‘.ಡಿರ್‌ಕಲರ್ಸ್’ ಎಂಬ ಹೆಸರಲ್ಲಿ ಉಳಿಸಿ. ಉಬುಂಟುವಿನ ಬ್ಯಾಷ್ ಅದನ್ನು ತಾನೇ ಓದಿಕೊಳ್ಳುತ್ತದೆ. ಹಸಿರಿನ ಮೇಲಿನ ನೀಲಿಯನ್ನು ಬದಲಿಸಿ, ಜಿಪ್ ಫೈಲುಗಳ ಕೆಂಪನ್ನು ತೆಗೆಯಿರಿ, ಧ್ವನಿಯನ್ನು ಲಿಂಕಿನಿಂದ ಬೇರೆ ಮಾಡಿ, ನಿಮ್ಮ ಕೆಲಸದ ಮುಖ್ಯ ಫೈಲಿಗೆ ಒಂದು ತಿಳಿ ಬಣ್ಣ ಕೊಡಿ. ಕಾಲೇಜುಗಳ ಲ್ಯಾಬ್ ನೋಡಿಕೊಳ್ಳುವವರು ಈ ನಾಲ್ಕು ಬದಲಾವಣೆಗಳನ್ನು ಮೊದಲೇ ಮಾಡಿಟ್ಟು, ಪ್ರತಿ ಬಣ್ಣ ಏನು ಹೇಳುತ್ತದೆ ಎಂಬುದನ್ನು ಮೊದಲ ತರಗತಿಯಲ್ಲೇ ವಿದ್ಯಾರ್ಥಿಗಳಿಗೆ ವಿವರಿಸಲಿ.