ಕಂಚಿನ ಪಥಿಕನೂ ಪ್ಲೇಗಿನ ಗುಮಾಸ್ತನೂ

ಒಂದು ಶಿಲ್ಪವನ್ನೂ ಒಂದು ಕಾದಂಬರಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸಾಧುವೇ ಎಂದು ವಾಚಕರು ಕೇಳಬಹುದು. ಶಿಲ್ಪವು ಕಣ್ಣಿಗೆ ಏಕಕಾಲಕ್ಕೆ ಗೋಚರಿಸುವಂಥದು. ಕಾದಂಬರಿಯಾದರೋ ಪುಟಪುಟವಾಗಿ ಬಿಚ್ಚಿಕೊಳ್ಳುವಂಥದು. ಆದರೂ ಎರಡೂ ಒಂದೇ ಪ್ರಶ್ನೆಯನ್ನು ಎದುರಿಸುತ್ತಿದ್ದರೆ ತುಲನೆಗೆ ಅವಕಾಶವುಂಟು. ಆಲ್ಬರ್ಟೊ ಜಾಕೊಮೆತ್ತಿಯ 'ನಡೆಯುವ ಮನುಷ್ಯ' (1960) ಎಂಬ ಕಂಚಿನ ಪ್ರತಿಮೆಯೂ ಆಲ್ಬೆರ್ ಕಾಮೂವಿನ 'ಪ್ಲೇಗು' (1947) ಕಾದಂಬರಿಯೂ ಅಂಥ ಜೋಡಿ.

ಆ ಪ್ರಶ್ನೆಯನ್ನು ಕಾಮೂ 1942ರಲ್ಲಿ ಪ್ರಕಟಿಸಿದ ಸಿಸಿಫಸನನ್ನು ಕುರಿತ ಗ್ರಂಥದಲ್ಲಿ ನಿರೂಪಿಸಿದ್ದಾನೆ. ಮನುಷ್ಯನು ಬಾಳಿಗೆ ಅರ್ಥವನ್ನು ಬೇಡುತ್ತಾನೆ, ಲೋಕವು ಮೌನವಾಗಿರುತ್ತದೆ. ಈ ಬೇಡಿಕೆ ಮತ್ತು ಈ ಮೌನಗಳ ಸಂಘಟ್ಟನೆಯೇ ಆತನ ಮತದಲ್ಲಿ 'ಅಸಂಗತ'. ಬಂಡೆಯನ್ನು ಬೆಟ್ಟಕ್ಕೆ ಉರುಳಿಸುತ್ತ, ಅದು ಕೆಳಗುರುಳಿದಾಗ ಮತ್ತೆ ಇಳಿದುಬರುವ ಗ್ರೀಕ್ ಪುರಾಣದ ಸಿಸಿಫಸನು ಅದರ ಪ್ರತೀಕ. ಆತ್ಮಹತ್ಯೆಯನ್ನೂ ಕಾಮೂ ಒಪ್ಪುವುದಿಲ್ಲ, ಶ್ರದ್ಧೆಯ ಆಸರೆಯನ್ನೂ ಒಪ್ಪುವುದಿಲ್ಲ. ಆದ್ದರಿಂದಲೇ ಆಸ್ತಿಕರಾದ ನಮಗೆ ಈ ವಿಚಾರ ಕೇವಲ ಸಾಹಿತ್ಯದ ಕುತೂಹಲವಾಗಿ ಉಳಿಯಲಾರದು.

ಪ್ರತಿಮೆಯನ್ನು ನೋಡಿ. ಆಳೆತ್ತರದ ಆಕೃತಿ, ಕಡ್ಡಿಯಂತಹ ಕಾಲುಗಳು, ಮುಂದಕ್ಕೆ ಬಾಗಿದ ಮೈ, ಪೀಠಕ್ಕೆ ಅಂಟಿಕೊಂಡಂತಿರುವ ದಪ್ಪ ಪಾದಗಳು. ಮಾಂಸವೆಲ್ಲ ಕರಗಿ ನಡೆಯೊಂದೇ ಉಳಿದಿದೆ. ಎಲ್ಲಿಗೆ ಹೊರಟಿದ್ದಾನೆಂಬ ಸೂಚನೆಯಿಲ್ಲ. ಯುದ್ಧಕಾಲದಲ್ಲಿ ಜಿನೀವಾದಲ್ಲಿದ್ದಾಗ ಈ ಶಿಲ್ಪಿ ಮಾಡುತ್ತಿದ್ದ ಮೂರ್ತಿಗಳು ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು ಕಿರಿದಾಗಿದ್ದವು. ಪ್ಯಾರಿಸ್ಸಿನ ಇಕ್ಕಟ್ಟಾದ ಕೋಣೆಯಲ್ಲಿ ಆತ ಮಾಡಿದ್ದನ್ನು ಕೆಡಿಸಿ ಮತ್ತೆ ಮಾಡುತ್ತಿದ್ದನು. ಕಂಡದ್ದನ್ನು ಕಂಡಂತೆ ಮೂಡಿಸಲಾಗದೆಂಬ ಅತೃಪ್ತಿ 1966ರಲ್ಲಿ ತೀರಿಕೊಳ್ಳುವವರೆಗೂ ಆತನನ್ನು ಬಿಡಲಿಲ್ಲ.

ಈ ಶಿಲ್ಪಿಯ ಸೋದರನೆನ್ನಬಹುದಾದ ಪಾತ್ರವೊಂದು ಕಾದಂಬರಿಯಲ್ಲಿದೆ. ಆಲ್ಜೀರಿಯದ ಒರಾನ್ ನಗರಕ್ಕೆ ಪ್ಲೇಗು ಬಂದು ಊರಬಾಗಿಲು ಮುಚ್ಚಿದಾಗ, ನಗರಸಭೆಯ ಬಡ ಗುಮಾಸ್ತ ಗ್ರಾಂ ಎಂಬವನು ರಾತ್ರಿಗಳಲ್ಲಿ ಗ್ರಂಥವೊಂದನ್ನು ಬರೆಯುತ್ತಿರುತ್ತಾನೆ. ಅದರ ಮೊದಲ ವಾಕ್ಯವೇ ಸರಿಹೋಗುವುದಿಲ್ಲ. ಹಸ್ತಪ್ರತಿಯ ಹಾಳೆಗಳ ತುಂಬ ಬಹುಪಾಲು ಅದೇ ವಾಕ್ಯದ ತಿದ್ದುಪಡಿಗಳು. ತನಗೂ ರೋಗ ತಗಲಿದಾಗ ಅದನ್ನು ಸುಡಿಸುತ್ತಾನೆ. ಬದುಕಿ ಎದ್ದಮೇಲೆ ಪುನಃ ಆರಂಭಿಸುತ್ತಾನೆ. ಕೊನೆಗೆ ವಿಶೇಷಣಗಳನ್ನೆಲ್ಲ ತೆಗೆದುಹಾಕಿದೆನೆಂದು ಹೇಳುತ್ತಾನೆ. ಜಾಕೊಮೆತ್ತಿಯೂ ಮನುಷ್ಯಾಕೃತಿಯಿಂದ ವಿಶೇಷಣಗಳನ್ನೇ ತೆಗೆದುಹಾಕಿದನಲ್ಲವೇ?

ಸಾಮ್ಯವನ್ನು ಇಲ್ಲಿಗೇ ನಿಲ್ಲಿಸಬೇಕು. ಶಿಲ್ಪದ ಪಥಿಕನು ಏಕಾಕಿ. 1948ರ 'ಚೌಕ' ಎಂಬ ಶಿಲ್ಪದಲ್ಲಿಯೂ ನಡೆಯುವ ನಾಲ್ವರು ಗಂಡಸರಿದ್ದಾರೆ, ನಿಂತ ಒಬ್ಬ ಹೆಂಗಸಿದ್ದಾಳೆ. ಯಾರೂ ಯಾರನ್ನೂ ಸಂಧಿಸುವುದಿಲ್ಲ. ಕಾದಂಬರಿಯಲ್ಲಾದರೋ ವೈದ್ಯ ರಿಯೋನೊಡನೆ ತಾರೂ ಎಂಬವನು ಸ್ವಯಂಸೇವಕರ ತಂಡ ಕಟ್ಟುತ್ತಾನೆ. ಗ್ರಾಂ ಕಚೇರಿ ಮುಗಿಸಿ ಬಂದು ಅದರ ಲೆಕ್ಕಪತ್ರ ಬರೆಯುತ್ತಾನೆ. ಆತನ ವಾಕ್ಯ ಪೂರ್ಣವಾಗದಿದ್ದರೂ ಲೆಕ್ಕ ನಿಲ್ಲಲಿಲ್ಲ. ಅಸಂಗತವನ್ನು ಅರಿತವನು ಮುಂದೇನು ಮಾಡಬೇಕೆಂಬಲ್ಲಿ ಶಿಲ್ಪಕ್ಕಿಂತ ಕಾದಂಬರಿಯು ಒಂದು ಹೆಜ್ಜೆ ಮುಂದಿದೆಯೆಂದು ನಮ್ಮ ಅಭಿಪ್ರಾಯ. ಒಂಟಿತನದ ಭಾರವನ್ನು ತೋರಿಸುವುದರಲ್ಲಿ ಮಾತ್ರ ಕಂಚಿಗೆ ಎಣೆಯಿಲ್ಲ.

ಇನ್ನು ಆಸ್ತಿಕರ ಮಾತು. ಕಾದಂಬರಿಯ ಪಾದ್ರಿ ಪಾನೆಲೂ ತನ್ನ ಮೊದಲ ಪ್ರವಚನದಲ್ಲಿ, ಪ್ಲೇಗು ನಿಮ್ಮ ಪಾಪದ ಫಲವೆಂದು ಜನರನ್ನು ಗದರಿಸುತ್ತಾನೆ. ಬಳಿಕ ನ್ಯಾಯಾಧೀಶನ ಎಳೆಯ ಮಗನು ನರಳಿ ನರಳಿ ಸಾಯುವುದನ್ನು ಹಾಸಿಗೆಯ ಬಳಿ ನಿಂತು ಕಾಣುತ್ತಾನೆ. ಎರಡನೆಯ ಪ್ರವಚನದಲ್ಲಿ 'ನೀವು' ಹೋಗಿ 'ನಾವು' ಬಂದಿರುತ್ತದೆ. ಆತ ಶ್ರದ್ಧೆಯನ್ನು ತೊರೆಯಲಿಲ್ಲ. ಅದರ ಬೆಲೆಯನ್ನು ಅರಿತನು. ನಾಸ್ತಿಕನೊಬ್ಬನು ಧರ್ಮಬೋಧಕನನ್ನು ಹೀಗೆ ಗೌರವದಿಂದ ಚಿತ್ರಿಸಿರುವುದು ಸಣ್ಣ ಮಾತಲ್ಲ.

ಇದೆಲ್ಲ ನಮ್ಮವರು ಮೊದಲೇ ಹೇಳಿದ್ದೇ ಎಂದು ಪುಸ್ತಕ ಮುಚ್ಚುವುದು ಸುಲಭ. ಅದು ಕಾಮೂವಿಗೂ ನಮ್ಮವರಿಗೂ ಅನ್ಯಾಯ. ಆತನ ನಿರ್ಣಯವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಮಗುವಿನ ಹಾಸಿಗೆಯ ಬಳಿ ನಿಲ್ಲದೆ ವೇದಿಕೆಯಿಂದಲೇ ಸಮಾಧಾನ ಹೇಳುವ ಅಧಿಕಾರ ಯಾರಿಗೂ ಇಲ್ಲವೆಂಬ ಆತನ ಎಚ್ಚರಿಕೆಯನ್ನು, ಪ್ರವಚನ ಮಾಡುವವರೂ ಕೇಳುವವರೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಲೇಸು.