ಪ್ರಯೋಗಶಾಲೆಯ ಶೃಂಗಾರ: ಊಹೆ ಮತ್ತು ಆಸ್ವಾದ

ಉದ್ಯಾನ, ಚಂದ್ರೋದಯ, ಕೋಗಿಲೆಯ ದನಿ ಮೊದಲಾದುವನ್ನು ನಮ್ಮ ಆಲಂಕಾರಿಕರು ಶೃಂಗಾರದ ಉದ್ದೀಪನ ವಿಭಾವಗಳೆಂದು ಎಣಿಸಿದರು. ಪ್ರಯೋಗಶಾಲೆ ಆ ಎಣಿಕೆಗೆ ಸೇರಲಿಲ್ಲ. ಆಲಿ ಹೇಜಲ್‌ವುಡ್ ಎಂಬ ಅಂಕಿತದಲ್ಲಿ ಬರೆಯುವ ನರವಿಜ್ಞಾನಿಯೊಬ್ಬರ ‘ದ ಲವ್ ಹೈಪಾಥಿಸಿಸ್’ (2021) ಎಂಬ ಇಂಗ್ಲಿಷ್ ಕಾದಂಬರಿ ಆ ಕೊರತೆಯನ್ನು ತುಂಬುವಂತಿದೆ. ಇಂಥ ಜನಪ್ರಿಯ ಕೃತಿಗಳನ್ನು ವಿದ್ಯಾರ್ಥಿಗಳು ಸವಿದು ಓದುವರು. ಅಧ್ಯಾಪಕರಾದ ನಾವು ಅನೇಕ ವೇಳೆ ಓದದೆಯೇ ತಿರಸ್ಕರಿಸುವೆವು. ಆ ಸವಿಯ ಮೂಲವಾವುದೆಂದು ವಿಚಾರಿಸುವುದು ಉಚಿತ.

ಕಥಾವಸ್ತು ಸರಳವಾದುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿನಿ ಆಲಿವ್, ಗೆಳತಿಯೊಬ್ಬಳನ್ನು ನಂಬಿಸುವ ಸಲುವಾಗಿ, ಆಡಮ್ ಎಂಬ ನಿಷ್ಠುರ ಪ್ರಾಧ್ಯಾಪಕನೊಡನೆ ಪ್ರಣಯದ ಸೋಗು ಹಾಕುತ್ತಾಳೆ, ಸೋಗು ನಿಜವಾಗುತ್ತದೆ. ಮೇದೋಜೀರಕಾಂಗದ ಕ್ಯಾನ್ಸರನ್ನು ಆರಂಭದಲ್ಲಿಯೇ ಗುರುತಿಸುವುದು ಅವಳ ಸಂಶೋಧನೆಯ ವಿಷಯ. ಅವಳ ತಾಯಿ ತೀರಿಕೊಂಡದ್ದು ಆ ರೋಗದಿಂದಲೇ. ಸೂಕ್ಷ್ಮ ಲಕ್ಷಣದಿಂದ ರೋಗವನ್ನು ಊಹಿಸಲು ಹೊರಟ ಈಕೆ, ಕಣ್ಣೆದುರಿನ ಪ್ರೇಮಲಕ್ಷಣಗಳನ್ನು ಮಾತ್ರ ಓದಲಾರಳು. ವಿಜ್ಞಾನವು ಇಲ್ಲಿ ಬರಿಯ ಹಿನ್ನೆಲೆಯಲ್ಲ. ಕಥೆಯ ವಿನೋದಕ್ಕೂ ವೇದನೆಗೂ ಅದೇ ಬೀಜ.

ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಅನುಭಾವಾದಿಗಳಿಂದ ಸ್ಥಾಯಿಯನ್ನು ಸಹೃದಯನು ಅನುಮಿಸುವನೆಂದು ಶ್ರೀಶಂಕುಕನ ಮತ. ಅನುಮಿತಿ ಮಾತ್ರದಿಂದ ಆನಂದ ಹುಟ್ಟದೆಂದು ಅಭಿನವಗುಪ್ತನು ಅದನ್ನು ನಿರಾಕರಿಸಿದನು. ಈ ಕಾದಂಬರಿಯ ಓದು ಅಭಿನವಗುಪ್ತನ ಪಕ್ಷವನ್ನೇ ಸಮರ್ಥಿಸುತ್ತದೆ. ಆಡಮ್‌ನ ಹೃದಯವನ್ನು ನಾವು ಆಲಿವ್‌ಗಿಂತ ಬಹು ಮೊದಲೇ ಬಲ್ಲೆವು. ಫಲಿತಾಂಶವು ಗೊತ್ತಿರುವ ಪ್ರಯೋಗವಿದು. ಆದರೂ ಓದು ನಿಲ್ಲದು. ತಿಳಿಯುವ ಕೆಲಸ ಮುಗಿದ ಮೇಲೆಯೂ ಸವಿಯುವ ಕೆಲಸ ಉಳಿದಿರುತ್ತದೆ.

ದೋಷವಿಲ್ಲವೆಂದಲ್ಲ. ಅಧಿಕಾರವುಳ್ಳ ವಿಜ್ಞಾನಿಯೊಬ್ಬನು ಬಾಸ್ಟನ್ನಿನ ಸಮ್ಮೇಳನದಲ್ಲಿ ಆಲಿವ್‌ಳನ್ನು ಪೀಡಿಸಿ, ನಿನ್ನ ಮಾತನ್ನು ನಂಬುವವರಾರು ಎನ್ನುತ್ತಾನೆ. ಕೃತಿಯ ಅತ್ಯಂತ ಗಂಭೀರವಾದ ಪ್ರಶ್ನೆಯಿದು: ಸಾಕ್ಷ್ಯವನ್ನೇ ಪೂಜಿಸುವ ಲೋಕದಲ್ಲಿ ಹೆಣ್ಣಿನ ಸಾಕ್ಷ್ಯಕ್ಕೆ ಬೆಲೆಯೆಷ್ಟು? ಲೇಖಕಿ ಅದನ್ನೆತ್ತಿ, ದೂರವಾಣಿಯಲ್ಲಿ ಆಕಸ್ಮಿಕವಾಗಿ ಮುದ್ರಿತವಾದ ಧ್ವನಿಯಿಂದ ಬಿಡಿಸಿಬಿಡುತ್ತಾರೆ. ಅಂಥ ಮುದ್ರಿಕೆಯಿಲ್ಲದವಳ ಗತಿಯೇನೆಂಬುದಕ್ಕೆ ಕೃತಿ ಉತ್ತರಿಸದು.

ನಮ್ಮಲ್ಲಿ ತೇಜಸ್ವಿಯವರ ‘ಕರ್ವಾಲೋ’ (1980) ಕಾದಂಬರಿಯಲ್ಲಿ ವಿಜ್ಞಾನಿಯೂ ಉಂಟು, ಮಂದಣ್ಣನ ಪ್ರಣಯವೂ ಉಂಟು. ಆದರೆ ಅಲ್ಲಿ ಪ್ರಣಯವು ಹಾರುವ ಓತಿಯ ಶೋಧಕ್ಕೆ ಅಧೀನ. ಸಂಶೋಧಕರ ಬಾಳು ನಮಗೆ ದೂರದ್ದೂ ಅಲ್ಲ. ಕೋಗಿಲಿಗೆ ಸಮೀಪದ ಜಕ್ಕೂರಿನಲ್ಲಿಯೇ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವು 1989ರಲ್ಲಿ ಸ್ಥಾಪಿತವಾಗಿದೆ. ಆ ದೀಪಗಳ ಕೆಳಗೆ ದುಡಿಯುವ ತರುಣ ತರುಣಿಯರ ಹೃದಯವನ್ನು ಬಲ್ಲ ಕನ್ನಡ ಕಾದಂಬರಿಕಾರನಿಗೆ ವಸ್ತುದಾರಿದ್ರ್ಯವಿಲ್ಲ. ಅಂಥ ಕೃತಿ ಬಂದಾಗ ಮೊದಲು ಸವಿದು, ಅನಂತರ ತೂಗುವ ಔದಾರ್ಯವು ನಮ್ಮ ತರಗತಿಗಳಲ್ಲಿ ಇರಬೇಕು.